ತಂತ್ರಜ್ಞಾನದ ಸುದ್ದಿಗೆ ಹುಟ್ಟಿದ ತಮಾಷೆ, ಸುದ್ದಿಯೇ ಆಗಿ ಓಡಾಡತೊಡಗಿದರೆ ಏನು ಮಾಡಬೇಕು?

ತೊರವಿ ರಸ್ತೆ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಗಣಕವಿಜ್ಞಾನ ಕಲಿಸುತ್ತೇನೆ. ನಮ್ಮ ಕೊನೆಯ ವರ್ಷದ ವಿದ್ಯಾರ್ಥಿಗಳು ಇತ್ತೀಚೆಗೆ 2024ರ ಜುಲೈ 19ರ ಘಟನೆಯ ಮೇಲೆ ಸೆಮಿನಾರ್ ಕೊಟ್ಟರು. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಕಂಪನಿ ಕಳಿಸಿದ ಒಂದು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಹೋಗಿದ್ದವು. ವಿಮಾನಯಾನ, ಆಸ್ಪತ್ರೆ, ಬ್ಯಾಂಕು ಎಲ್ಲಕ್ಕೂ ಅದರ ಬಿಸಿ ತಟ್ಟಿತ್ತು. ಹುಡುಗರು ಶ್ರಮಪಟ್ಟು ತಯಾರಾಗಿದ್ದರು. ಆದರೆ ಅವರ ಸ್ಲೈಡುಗಳಲ್ಲಿದ್ದ ಎರಡು ಮಾತುಗಳು ನನ್ನನ್ನು ಇನ್ನೂ ಕಾಡುತ್ತಿವೆ.

ಮೊದಲನೆಯದು, ಅಂದೇ ಕೆಲಸಕ್ಕೆ ಸೇರಿದ ಒಬ್ಬ ನೌಕರ ಒಂದು ಸಣ್ಣ ಅಪ್‌ಡೇಟ್ ಕಳಿಸಿ ಮಧ್ಯಾಹ್ನ ಮನೆಗೆ ಹೋದದ್ದರಿಂದ ಈ ಅನಾಹುತವಾಯಿತು ಎಂಬುದು. ಆತನ ಫೋಟೋ ಕೂಡ ಸ್ಲೈಡಿನಲ್ಲಿತ್ತು. ಎರಡನೆಯದು, ಅಮೆರಿಕದ ಸೌತ್‌ವೆಸ್ಟ್ ವಿಮಾನ ಕಂಪನಿ 1992ರ ವಿಂಡೋಸ್ 3.1 ಅನ್ನೇ ಇನ್ನೂ ಬಳಸುತ್ತಿರುವುದರಿಂದ ಪಾರಾಯಿತು ಎಂಬುದು. ಎರಡೂ ನಿಜವಲ್ಲ. ಫೋಟೋದಲ್ಲಿರುವವರು ಬೆಲ್ಜಿಯಂ ದೇಶದ ವಿಡಂಬನಕಾರ ವಿನ್ಸೆಂಟ್ ಫ್ಲಿಬುಸ್ಟಿಯೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ತಮ್ಮನ್ನು ಆ ಕಂಪನಿಯ ಕಚೇರಿಯ ಮುಂದೆ ನಿಲ್ಲಿಸಿಕೊಂಡು ನಗಿಸುವುದಕ್ಕೆಂದೇ ಹಾಕಿದ ಪೋಸ್ಟ್ ಅದು. ಸೌತ್‌ವೆಸ್ಟ್ ಪಾರಾದದ್ದಕ್ಕೆ ಕಾರಣ ಬಹಳ ಸರಳವಾದದ್ದು: ಆ ಕಂಪನಿ ಕ್ರೌಡ್‌ಸ್ಟ್ರೈಕ್ ತಂತ್ರಾಂಶವನ್ನೇ ಬಳಸುತ್ತಿರಲಿಲ್ಲ.

ಇದೆಲ್ಲ ಎಲ್ಲಿ ಸಿಕ್ಕಿತು ಎಂದು ಕೇಳಿದಾಗ ವಿದ್ಯಾರ್ಥಿಗಳು ಮೊಬೈಲ್ ತೆಗೆದು ತೋರಿಸಿದರು. ಕನ್ನಡದ ಮೀಮ್‌ಗಳು, ಸ್ಕ್ರೀನ್‌ಶಾಟಿನ ಮೇಲೆ ಸ್ಕ್ರೀನ್‌ಶಾಟ್. ಮೊದಲು ಬರೆದವರ ಹೆಸರು ಕತ್ತರಿಸಿ ಹೋಗಿತ್ತು, ದಿನಾಂಕವೂ ಇರಲಿಲ್ಲ. ಅದೇ ಘಟನೆಯ ನಿಜವಾದ ಕಾರಣವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಬರಹವನ್ನು ಹುಡುಕಿದರೆ ಅವರಿಗೆ ಸಿಕ್ಕದ್ದು ನಾಲ್ಕು ಸಾಲಿನ ಸುದ್ದಿ ತುಣುಕುಗಳು ಮಾತ್ರ. ನಗಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ನಗೆ ಕನ್ನಡದಲ್ಲಿ ಬಂದು, ಸಂಗತಿ ಮಾತ್ರ ಇಂಗ್ಲಿಷಿನಲ್ಲೇ ಉಳಿದರೆ ನಮ್ಮ ಮಕ್ಕಳು ಯಾವುದನ್ನು ನಂಬಬೇಕು? ನಿಮ್ಮ ಅನುಭವ ಏನು, ದಯವಿಟ್ಟು ತಿಳಿಸಿ.

ಉದ್ಯಮಬಾಗ, ಬೆಳಗಾವಿ

ಅಕ್ಕಾ, ನೀವು ಈ ವಿಷಯ ಎತ್ತಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಆ ದಿನ ನಾನು ಈ ಕೆಲಸದ ನಡುವೆಯೇ ಇದ್ದೆ. ಉದ್ಯಮಬಾಗದ ಒಂದು ಫೌಂಡ್ರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಅಂದು ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಆ ಅಪ್‌ಡೇಟ್ ಹೊರಟಿತು, 10 ಗಂಟೆ 57 ನಿಮಿಷಕ್ಕೆ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ನಡುವೆ 78 ನಿಮಿಷ. ಆದರೆ ಅಷ್ಟರಲ್ಲಿ ಅದನ್ನು ಪಡೆದುಕೊಂಡು ನಿಂತುಹೋದ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಹಿಂತೆಗೆದುಕೊಂಡ ಸುದ್ದಿ ತಲುಪುತ್ತಲೇ ಇರಲಿಲ್ಲ, ಏಕೆಂದರೆ ಅವು ಪೂರ್ತಿ ಚಾಲೂ ಆಗುವ ಮೊದಲೇ ಮತ್ತೆ ನೀಲಿ ಪರದೆಗೆ ಬೀಳುತ್ತಿದ್ದವು.

ಆದ್ದರಿಂದ ಅಂಥ ಪ್ರತಿ ಯಂತ್ರದ ಮುಂದೆ ಯಾರಾದರೂ ಕುಳಿತು, ತೀರ ಅಗತ್ಯವಾದಷ್ಟು ಮಾತ್ರ ಚಾಲೂ ಆಗುವ ಸೇಫ್ ಮೋಡಿಗೆ ಹೋಗಿ, ಡ್ರೈವರ್‌ಗಳ ಫೋಲ್ಡರಿನಲ್ಲಿ ಸಿ-00000291 ಎಂದು ಆರಂಭವಾಗುವ ಕಡತವನ್ನು ಅಳಿಸಿ ಮರಳಿ ಚಾಲೂ ಮಾಡಬೇಕಿತ್ತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದಕ್ಕೂ ಮೊದಲು 48 ಅಂಕಿಗಳ ಕೀಲಿಯನ್ನು ಬೆರಳಚ್ಚಿಸಬೇಕು, ಆರಾರು ಅಂಕಿಗಳ ಎಂಟು ಗುಂಪು. ಶಾಪ್ ಫ್ಲೋರಿನಲ್ಲಿದ್ದ ಕಂಪ್ಯೂಟರಿಗೆ ನಾನು ಕಚೇರಿಯಿಂದ ಫೋನಿನಲ್ಲಿ ಆ ಅಂಕಿಗಳನ್ನು ಓದುತ್ತಿದ್ದೆ. ಆ ಕಡೆ ಗ್ರೈಂಡಿಂಗ್ ಯಂತ್ರದ ಸದ್ದು. ಅಲ್ಲಿದ್ದ ಕಾಕಾ ಪ್ರತಿ ಗುಂಪನ್ನೂ ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಒತ್ತುತ್ತಿದ್ದರು. ಐದನೆಯ ಗುಂಪಿನಲ್ಲಿ ಒಂದು ಅಂಕಿ ಅದಲುಬದಲಾದರೆ ಆ ಗುಂಪನ್ನು ಮತ್ತೆ ಮೊದಲಿನಿಂದ ಓದಬೇಕಾಗುತ್ತಿತ್ತು.

ಅದೇ ಹೊತ್ತಿಗೆ ನನ್ನ ಮೊಬೈಲಿಗೆ ಆ ಹೊಸ ನೌಕರನ ಫೋಟೋ ಬಂದಿತು. ನಮ್ಮ ಮ್ಯಾನೇಜರು ಅದನ್ನು ನೋಡಿ, ಈ ಒಬ್ಬ ಮನುಷ್ಯನಿಂದ ನಮ್ಮ ಡಿಸ್ಪ್ಯಾಚ್ ನಿಂತಿತಲ್ಲ ಎಂದು ನಿಜವಾಗಿಯೂ ಸಿಟ್ಟಾದರು. ನನಗೆ ಬೇಸರವಾದದ್ದು ಅಲ್ಲಿಯೇ. ಒಂದು ವ್ಯವಸ್ಥೆಯ ಲೋಪವನ್ನು ಒಬ್ಬ ಹುಡುಗನ ತಲೆಗೆ ಕಟ್ಟಿದ ಕೂಡಲೇ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಇಷ್ಟೊಂದು ಯಂತ್ರಗಳಿಗೆ ಒಂದೇ ಸಲಕ್ಕೆ ಏಕೆ ಕಳಿಸಿದರು, ಮೊದಲು ಸ್ವಲ್ಪ ಯಂತ್ರಗಳಿಗೆ ಕಳಿಸಿ ಏಕೆ ನೋಡಲಿಲ್ಲ ಎಂಬುದೇ ಅಂದು ಕೇಳಬೇಕಾಗಿದ್ದ ಪ್ರಶ್ನೆ.

ಸಿಂದಗಿ ಹುಡುಗ

ಸರ್, ನಿಮ್ಮ ಕಷ್ಟ ಅರ್ಥವಾಗುತ್ತದೆ, ಮೇಡಂ ಅವರ ಕಾಳಜಿಯೂ ಅರ್ಥವಾಗುತ್ತದೆ. ಆದರೂ ನಾನು ಮೀಮ್‌ಗಳ ಪರವಾಗಿ ವಾದಿಸುತ್ತೇನೆ. ಸಿಂದಗಿಯಲ್ಲಿ ಕುಳಿತ ನನಗೆ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಇದೆ ಎಂಬುದು ಗೊತ್ತಾದದ್ದೇ ಒಂದು ಮೀಮ್‌ನಿಂದ. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಕೈಯಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸಿನ ಚಿತ್ರವನ್ನು ನೋಡಿ ನಕ್ಕ ನಂತರವೇ ನಾನು ಏನಾಯಿತು ಎಂದು ಹುಡುಕಿದ್ದು. ಆ ಚಿತ್ರ ಸುಳ್ಳಾಗಿರಲಿಲ್ಲ, ಅಂದು ನಿಜವಾಗಿಯೂ ಹಾಗೆ ಬರೆದುಕೊಟ್ಟಿದ್ದರು. ತಮಾಷೆಯೇ ಇಲ್ಲದಿದ್ದರೆ ಇಂಥ ಸುದ್ದಿಯನ್ನು ನಮ್ಮ ವಯಸ್ಸಿನವರು ಯಾರೂ ಓದುವುದಿಲ್ಲ. ಮೊದಲು ಗಮನ ಸೆಳೆಯಲಿ, ಆಮೇಲೆ ಸರಿ-ತಪ್ಪು ತಿಳಿದುಕೊಂಡರಾಯಿತು.

ತೊರವಿ ರಸ್ತೆ, ವಿಜಯಪುರ

ತಮ್ಮಾ, ಆ "ಆಮೇಲೆ" ಬರುವುದೇ ಇಲ್ಲ ಎಂಬುದೇ ನನ್ನ ದೂರು. ನೀನು ಹುಡುಕಿದೆ, ಸಂತೋಷ. ಹುಡುಕಿದಾಗ ನಿನಗೆ ಸಿಕ್ಕದ್ದು ಯಾವ ಭಾಷೆಯಲ್ಲಿತ್ತು?

ಸಿಂದಗಿ ಹುಡುಗ

ಇಂಗ್ಲಿಷಿನಲ್ಲಿ, ಮೇಡಂ. ಆ ಮಾತನ್ನು ಒಪ್ಪುತ್ತೇನೆ.

ನವನಗರ, ಬಾಗಲಕೋಟೆ

ಇಬ್ಬರ ಮಾತಿನಲ್ಲೂ ಹುರುಳಿದೆ. ನಮ್ಮ ಬಾಗಲಕೋಟೆಯವರಿಗೆ ಸುದ್ದಿಯನ್ನು ಹಿಡಿದು ನಗಿಸುವುದು ಹೊಸದಲ್ಲ. ಹೋಳಿಯಲ್ಲಿ ಹೊರಡುವ ಸೋಗಿನ ಬಂಡಿಗಳನ್ನು ನೋಡಿದವರಿಗೆ ಇದು ಗೊತ್ತಿದೆ. ಆದರೆ ಸೋಗಿನ ಬಂಡಿಯ ಮೇಲೆ ನಿಂತವನು ನಮ್ಮ ಓಣಿಯವನೇ, ಅವನ ಬಣ್ಣ, ಅಂಟಿಸಿಕೊಂಡ ಮೀಸೆ ಎಲ್ಲವೂ ಕಣ್ಣಿಗೆ ಕಾಣುತ್ತವೆ, ಸುತ್ತ ಹಲಗೆಯ ಸದ್ದು ಇರುತ್ತದೆ. ಇದು ಸೋಗು ಎಂಬುದರಲ್ಲಿ ಚಿಕ್ಕ ಮಗುವಿಗೂ ಸಂಶಯವಿರುವುದಿಲ್ಲ. ಅಂತರ್ಜಾಲದಲ್ಲಿ ಸೋಗು ಹಾಕಿದವನನ್ನು ಬಂಡಿಯಿಂದ ಇಳಿಸಿ, ಹಲಗೆ ನಿಲ್ಲಿಸಿ, ಅವನ ಮಾತನ್ನಷ್ಟೇ ಊರೂರಿಗೆ ಕಳಿಸುತ್ತಾರೆ. ಬೆಲ್ಜಿಯಂನ ಆ ವಿಡಂಬನಕಾರರ ಪುಟಕ್ಕೆ ಹೋಗಿ ನೋಡಿದವರಿಗೆ ಅವರ ಕಸುಬು ಏನೆಂದು ತಿಳಿಯುತ್ತಿತ್ತು. ವಿಜಯಪುರಕ್ಕೆ ಬಂದು ಮುಟ್ಟಿದ ಸ್ಕ್ರೀನ್‌ಶಾಟಿನಲ್ಲಿ ಆ ಗುರುತು ಉಳಿದಿರಲಿಲ್ಲ.

ಆದ್ದರಿಂದ ತಪ್ಪು ನಗಿಸಿದವರದಲ್ಲ, ಹೆಸರು ಕತ್ತರಿಸಿ ಮುಂದೆ ದಾಟಿಸಿದವರದು ಎಂದು ನನಗೆ ಅನ್ನಿಸುತ್ತದೆ.

ಮುಧೋಳದವ

ನವನಗರದ ಅಣ್ಣನವರ ಮಾತನ್ನು ಅಕ್ಷರಶಃ ಒಪ್ಪುತ್ತೇನೆ. ಹೆಸರು ಕತ್ತರಿಸುವವರಿಗೆ ಮೊದಲು ಬುದ್ಧಿ ಹೇಳಬೇಕು.

ಗುಳೇದಗುಡ್ಡ ಖಣ

ಇದು ಈಗಿನ ಕಾಲದ ರೋಗವೇನೂ ಅಲ್ಲ. 2016ರ ನವೆಂಬರ್ 8ರ ರಾತ್ರಿ ಹಳೆಯ ನೋಟುಗಳು ರದ್ದಾದ ಮೇಲೆ ಬಂದ 2000 ರೂಪಾಯಿಯ ನೋಟಿನಲ್ಲಿ ನ್ಯಾನೋ ಚಿಪ್ ಇದೆ, ನೆಲದಡಿಯಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಎಂಬ ಫಾರ್ವರ್ಡ್ ನೆನಪಿದೆಯೇ? ನಮ್ಮೂರಿನಲ್ಲಿ ನೇಕಾರರ ಮಗ್ಗದ ಮನೆಗಳಲ್ಲಿ ಕೂಲಿಯ ಬದಲಿಗೆ ಆ ನೋಟು ಕೈಗೆ ಬಂದಾಗ, ಅದನ್ನು ಬೆಳಕಿಗೆ ಹಿಡಿದು ಚಿಪ್ ಎಲ್ಲಿದೆ ಎಂದು ಹುಡುಕಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಳೆಯುವ ಭದ್ರತಾ ದಾರವನ್ನೇ ತೋರಿಸಿ ಇದೇ ಆ ಚಿಪ್ಪಿನ ತಂತಿ ಎಂದು ಒಬ್ಬ ಹಿರಿಯರು ಎಲ್ಲರಿಗೂ ವಿವರಿಸಿದರು. ಪಾಪ, ಅವರು ಸುಳ್ಳು ಹೇಳುತ್ತಿರಲಿಲ್ಲ, ಕೇಳಿದ್ದನ್ನು ಹೇಳುತ್ತಿದ್ದರು. ಅವರಿಗೆ ಆ ಸುದ್ದಿ ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ.

ಕೃಷ್ಣಾ ತೀರ, ಜಮಖಂಡಿ

ಅಕ್ಕಾ, ಒಂದು ತಿದ್ದುಪಡಿ. ಆ ಚಿಪ್ಪಿನ ಕಥೆ ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಉಳಿದಿದ್ದರೆ ಅಷ್ಟು ಗಟ್ಟಿಯಾಗುತ್ತಿರಲಿಲ್ಲ. ಟಿ.ವಿ. ವಾಹಿನಿಗಳಲ್ಲಿಯೂ ಅದನ್ನು ಗಂಭೀರ ಮುಖಮಾಡಿ ವಿವರಿಸಿದರು, ಜನ ನಂಬಿದ್ದು ಆಗ. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಭದ್ರತಾ ಲಕ್ಷಣಗಳ ಪಟ್ಟಿಯಲ್ಲಿ ಚಿಪ್ ಎಂಬ ಮಾತೇ ಇರಲಿಲ್ಲ.

ಅದು ಏಕೆ ಸಾಧ್ಯವಿಲ್ಲ ಎಂಬುದನ್ನು ಅಂದು ಯಾರಾದರೂ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅದೇ ಗುಂಪುಗಳಿಗೆ ಕಳಿಸಿದ್ದರೆ ಸಾಕಾಗಿತ್ತು. ಜಿಪಿಎಸ್ ಉಪಗ್ರಹಗಳು ಯಾರನ್ನೂ ಹುಡುಕುವುದಿಲ್ಲ, ಅವು ತಮ್ಮ ಸಂಕೇತವನ್ನು ಬಿತ್ತರಿಸುತ್ತಿರುತ್ತವೆ ಅಷ್ಟೆ. ಆ ಸಂಕೇತವನ್ನು ಹಿಡಿದು ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುವ ಕೆಲಸ ನಮ್ಮ ಕೈಯಲ್ಲಿರುವ ಸಾಧನದ್ದು, ಅದಕ್ಕೆ ವಿದ್ಯುತ್ ಬೇಕು. ಹಾಗೆ ಲೆಕ್ಕ ಹಾಕಿದ್ದನ್ನು ಬೇರೆಯವರಿಗೆ ತಿಳಿಸಲು ಮತ್ತೊಂದು ಪ್ರಸಾರದ ಸಾಧನ ಬೇಕು, ಅದಕ್ಕೂ ವಿದ್ಯುತ್ ಬೇಕು. ಕಾಗದದ ನೋಟಿನಲ್ಲಿ ಬ್ಯಾಟರಿ ಎಲ್ಲಿಂದ ಬರಬೇಕು? ನೆಲದಡಿಯಲ್ಲಿ ಹೂತರೆ ಆ ದುರ್ಬಲ ಸಂಕೇತ ಮಣ್ಣಿನೊಳಗೆ ಇಳಿಯುವುದೂ ಇಲ್ಲ. ಇಷ್ಟು ಹೇಳಲು ಪದವಿ ಬೇಕಾಗಿಲ್ಲ, ಹೇಳುವ ಮನಸ್ಸು ಬೇಕು.

ಖಡೇ ಬಜಾರ್, ಬೆಳಗಾವಿ

ಅಂಗಡಿಕಾರರ ಕಷ್ಟವನ್ನೂ ಸ್ವಲ್ಪ ಕೇಳಿ. 2025ರ ಏಪ್ರಿಲ್ 12ರಂದು ಯುಪಿಐ ಕೆಲವು ಗಂಟೆ ಕೈಕೊಟ್ಟಿತು. ಅಂದು ಬಂದ ತಮಾಷೆಗಳನ್ನು ನೋಡಿ ನಾವೂ ನಕ್ಕೆವು, ಯಾರಿಗೂ ನಷ್ಟವಾಗಲಿಲ್ಲ. ಅದಾಗಿ ಕೆಲವೇ ದಿನಗಳಲ್ಲಿ, 2000 ರೂಪಾಯಿಗಿಂತ ಹೆಚ್ಚಿನ ಯುಪಿಐ ಪಾವತಿಗೆ ಸರಕಾರ ಜಿಎಸ್‌ಟಿ ಹಾಕಲಿದೆ ಎಂಬ ಮಾತು ಹರಡಿತು. ಅದರ ಮೇಲೆ ಹತ್ತಾರು ನಗೆಚಿತ್ರಗಳು ಬಂದವು. ಒಂದರಲ್ಲಿ ಸೀರೆಯಂಗಡಿಯ ಬಿಲ್ಲಿನ ಕೆಳಗೆ "ಯುಪಿಐ ತೆರಿಗೆ ಶೇ. 18" ಎಂದು ಸೇರಿಸಿದ್ದರು. ಎರಡು ದಿನಗಳಲ್ಲಿ ನನ್ನ ಅಂಗಡಿಗೆ ಬಂದ ಒಬ್ಬ ತಾಯಿ, ಮಗಳ ಮದುವೆಯ ಬಟ್ಟೆ ಆರಿಸಿ ಇಟ್ಟ ಮೇಲೆ ಆ ಚಿತ್ರವನ್ನೇ ಮೊಬೈಲಿನಲ್ಲಿ ತೋರಿಸಿ, ಎರಡು ಸಾವಿರಕ್ಕೆ ಮುನ್ನೂರ ಅರವತ್ತು ರೂಪಾಯಿ ಹೆಚ್ಚು ನಾನೇಕೆ ಕೊಡಬೇಕು, ನಗದು ತರುತ್ತೇನೆ ಎಂದು ಹೊರಟುಬಿಟ್ಟರು. ನಾನು ಎಷ್ಟು ತಿಳಿಸಿ ಹೇಳಿದರೂ, ಬಿಲ್ಲೇ ಇದೆಯಲ್ಲ ಎಂಬುದು ಅವರ ಉತ್ತರ. ಅವರು ಮರಳಿ ಬರಲಿಲ್ಲ.

ಹಣಕಾಸು ಸಚಿವಾಲಯ ಏಪ್ರಿಲ್ 18ರಂದೇ ಈ ಮಾತು ಪೂರ್ತಿ ಸುಳ್ಳು ಎಂದು ಪ್ರಕಟಣೆ ಕೊಟ್ಟಿತು. ಅದರಲ್ಲಿ ಕಾರಣವನ್ನೂ ಹೇಳಿದ್ದರು: ಜಿಎಸ್‌ಟಿ ಬೀಳುವುದು ಪಾವತಿಯ ಮೇಲಲ್ಲ, ಪಾವತಿ ನಡೆಸಿಕೊಡುವುದಕ್ಕೆ ವ್ಯಾಪಾರಿಯಿಂದ ತೆಗೆದುಕೊಳ್ಳುವ ಶುಲ್ಕದ ಮೇಲೆ, ಗ್ರಾಹಕರು ಅಂಗಡಿಗೆ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಆ ಶುಲ್ಕವೇ ಇಲ್ಲ. ಇಷ್ಟು ಸ್ಪಷ್ಟವಾದ ಮಾತು ಖಡೇ ಬಜಾರಿಗೆ ಬರಲಿಲ್ಲ, ನಗೆಚಿತ್ರ ಬಂದಿತು. ಸಿಂದಗಿಯ ತಮ್ಮ ಹೇಳುವಂತೆ ಗಮನ ಸೆಳೆಯುವುದು ಒಳ್ಳೆಯದೇ ಇರಬಹುದು, ಆದರೆ ಆ ಗಮನದ ಬೆಲೆಯನ್ನು ಕೊನೆಗೆ ಯಾರೋ ಒಬ್ಬರು ತೆರುತ್ತಾರೆ.

ಸಿಂದಗಿ ಹುಡುಗ

ಕಾಕಾ, ಅದು ತಮಾಷೆ ಮಾಡಿದವರ ತಪ್ಪೇ? ಸುಳ್ಳು ಸುದ್ದಿ ಮೊದಲೇ ಇತ್ತು, ಚಿತ್ರ ಆಮೇಲೆ ಬಂದಿತು.

ಖಡೇ ಬಜಾರ್, ಬೆಳಗಾವಿ

ಸುದ್ದಿ ಮೊದಲೇ ಇತ್ತು ಎಂಬುದು ನಿಜ, ತಮ್ಮಾ. ಆದರೆ ಬರಿಯ ಮಾತನ್ನು ಆ ತಾಯಿ ನಂಬುತ್ತಿರಲಿಲ್ಲ. ಚಿತ್ರದಲ್ಲಿ ಬಿಲ್ಲು ಇದ್ದುದರಿಂದ ನಂಬಿದರು. ಸುಳ್ಳಿಗೆ ಪುರಾವೆ ಒದಗಿಸಿಕೊಟ್ಟದ್ದು ಆ ನಗೆಚಿತ್ರವೇ.

ಜ್ಞಾನಸಂಗಮ, ಬೆಳಗಾವಿ

ಇಲ್ಲಿಯವರೆಗೆ ನಾವು ಮನುಷ್ಯರು ಮೋಸಹೋದದ್ದನ್ನು ಮಾತ್ರ ಮಾತನಾಡಿದೆವು. ಯಂತ್ರಗಳೂ ಅದೇ ತಮಾಷೆಗಳನ್ನು ಓದುತ್ತಿವೆ ಎಂಬುದನ್ನು ಮರೆಯಬಾರದು, ಮತ್ತು ಕನ್ನಡಿಗರು ಹೆಚ್ಚು ಚಿಂತಿಸಬೇಕಾದದ್ದು ಈ ವಿಷಯದಲ್ಲಿಯೇ.

2024ರ ಮೇ ತಿಂಗಳಲ್ಲಿ ಗೂಗಲ್ ಅಮೆರಿಕದಲ್ಲಿ ತನ್ನ ಹುಡುಕಾಟದ ಮೇಲ್ಭಾಗದಲ್ಲಿ ಕೃತಕ ಬುದ್ಧಿಮತ್ತೆಯ ಉತ್ತರಗಳನ್ನು ಕೊಡಲು ಆರಂಭಿಸಿತು. ಪಿಜ್ಜಾದ ಮೇಲಿನ ಚೀಸ್ ಜಾರದಂತೆ ಏನು ಮಾಡಬೇಕು ಎಂದು ಕೇಳಿದವರಿಗೆ ಅದು, ಸಾಸಿಗೆ ಕಪ್ಪಿನ ಎಂಟನೆಯ ಒಂದು ಭಾಗದಷ್ಟು ವಿಷರಹಿತ ಅಂಟು ಬೆರೆಸಿ ಎಂದು ಸಲಹೆ ಕೊಟ್ಟಿತು. ಅದರ ಮೂಲ, ರೆಡಿಟ್ ಎಂಬ ಚರ್ಚೆಯ ಜಾಲತಾಣದಲ್ಲಿ ಹನ್ನೊಂದು ವರ್ಷಗಳ ಹಿಂದೆ ಯಾರೋ ತಮಾಷೆಗೆ ಬರೆದ ಒಂದು ಕಮೆಂಟು. ದಿನಕ್ಕೆ ಎಷ್ಟು ಕಲ್ಲು ತಿನ್ನಬೇಕು ಎಂದು ಕೇಳಿದವರಿಗೆ ಕನಿಷ್ಠ ಒಂದು ಸಣ್ಣ ಕಲ್ಲು ಎಂಬ ಉತ್ತರ ಬಂದಿತು. ಅದು ಅಮೆರಿಕದ ವಿಡಂಬನ ಪತ್ರಿಕೆ ದಿ ಆನಿಯನ್‌ನಿಂದ ಬಂದದ್ದು.

ಆ ತಿಂಗಳ ಕೊನೆಗೆ ಗೂಗಲ್ ಕೊಟ್ಟ ವಿವರಣೆಯನ್ನು ನಾನು ಗಮನವಿಟ್ಟು ಓದಿದೆ. ಕಲ್ಲು ತಿನ್ನುವ ವಿಷಯದಲ್ಲಿ ಗಂಭೀರವಾಗಿ ಬರೆದವರು ಯಾರೂ ಇಲ್ಲದೇ ಇದ್ದುದರಿಂದ ವಿಡಂಬನೆಯೇ ಮೇಲಕ್ಕೆ ಬಂದಿತು, ಇಂಥ ಕಡೆ ಮಾಹಿತಿಯ ಕೊರತೆ ಇರುತ್ತದೆ ಎಂಬುದು ಅದರ ಸಾರಾಂಶ. ಇಂಗ್ಲಿಷಿನಲ್ಲಿ ಇಂಥ ಖಾಲಿ ಜಾಗಗಳು ಅಲ್ಲೊಂದು ಇಲ್ಲೊಂದು. ಕನ್ನಡದಲ್ಲಿ ತಂತ್ರಜ್ಞಾನದ ಹೆಚ್ಚಿನ ವಿಷಯಗಳೂ ಖಾಲಿ ಜಾಗಗಳೇ. 2011ರ ಜನಗಣತಿಯ ಪ್ರಕಾರ ಕನ್ನಡ ಸುಮಾರು 4.37 ಕೋಟಿ ಜನರ ತಾಯಿನುಡಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇರುವುದು 30,000ಕ್ಕೂ ತುಸು ಹೆಚ್ಚು ಲೇಖನಗಳು. ಇಂಗ್ಲಿಷಿನಲ್ಲಿ 65 ಲಕ್ಷಕ್ಕೂ ಹೆಚ್ಚಿವೆ. ಒಂದು ಘಟನೆಯ ಬಗ್ಗೆ ಇಂಗ್ಲಿಷಿನಲ್ಲಿ ಸಾವಿರ ವಿಶ್ಲೇಷಣೆಗಳಿದ್ದು ಹತ್ತು ತಮಾಷೆಗಳು ಸೇರಿದರೆ ಏನೂ ಆಗುವುದಿಲ್ಲ. ಕನ್ನಡದಲ್ಲಿ ವಿಶ್ಲೇಷಣೆ ಒಂದೂ ಇಲ್ಲದೆ ತಮಾಷೆಗಳಷ್ಟೇ ಇದ್ದರೆ, ನಾಳೆ ಕನ್ನಡದಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ಯಂತ್ರ ಯಾವುದನ್ನು ಎತ್ತಿಕೊಡುತ್ತದೆ?

ತೊರವಿ ರಸ್ತೆಯ ಮೇಡಂ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ತಮಾಷೆಯನ್ನು ಕಡಿಮೆ ಮಾಡುವುದು ಬೇಡ, ಸಂಗತಿಯನ್ನು ಹೆಚ್ಚು ಮಾಡೋಣ.

ಇಳಕಲ್ಲಿನಾಕೆ

ಜ್ಞಾನಸಂಗಮದವರು ಹೇಳಿದ ಖಾಲಿ ಜಾಗದ ಮಾತಿಗೆ ನಮ್ಮದೇ ಉದಾಹರಣೆ ಇದೆ. 2021ರ ಜೂನ್ 3ರಂದು ನಡೆದದ್ದನ್ನು ಯಾವ ಕನ್ನಡಿಗರೂ ಮರೆತಿರಲಾರರು. ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ನಮ್ಮ ಭಾಷೆಯ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ತೋರಿಸುತ್ತಿತ್ತು. ನಾಡಿನಾದ್ಯಂತ ಸಿಟ್ಟು ಎದ್ದಿತು, ಸರಕಾರ ಕಾನೂನು ಕ್ರಮದ ಮಾತನಾಡಿತು, ಕಂಪನಿ ಆ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಆ ಸಿಟ್ಟು ನ್ಯಾಯವಾದದ್ದೇ. ನನಗೂ ಎದೆಯಲ್ಲಿ ಚುಚ್ಚಿದಂತಾಗಿತ್ತು.

ಆದರೆ ಆ ಉತ್ತರ ಬಂದದ್ದು ಎಲ್ಲಿಂದ? ಸಾಲದ ವಿಷಯದ ಯಾವುದೋ ಒಂದು ಜಾಲತಾಣದ ಪುಟದಲ್ಲಿ ಯಾರೋ ಗೀಚಿದ್ದ ಒಂದು ಸಾಲಿನಿಂದ. ಅಂಥ ಪ್ರಶ್ನೆಗೆ ತಲೆಯಿದ್ದವರು ಯಾರೂ ಉತ್ತರ ಬರೆದಿರಲಿಲ್ಲವಾದ್ದರಿಂದ, ಯಂತ್ರ ಕಣ್ಣಿಗೆ ಬಿದ್ದ ಒಂದೇ ಸಾಲನ್ನು ಉತ್ತರವೆಂದು ಎತ್ತಿ ಹಿಡಿಯಿತು. ಅಂದು ಕನ್ನಡಿಗರು ಬರೆದ ಸಾವಿರಾರು ಪ್ರತಿಕ್ರಿಯೆಗಳಲ್ಲಿ ಚುರುಕಾದ ನಗೆಯಿತ್ತು, ಅಭಿಮಾನವಿತ್ತು. ಅದು ಹೇಗೆ ಆಯಿತು ಎಂಬ ವಿವರಣೆಗಾಗಿ ನಾನು ಕಾದು ಕುಳಿತೆ, ನನ್ನ ಕಣ್ಣಿಗೆ ಬೀಳಲಿಲ್ಲ. ಸಿಟ್ಟು ವಾರದಲ್ಲಿ ಇಳಿಯಿತು. ಹುಡುಕಾಟದ ಯಂತ್ರ ಉತ್ತರವನ್ನು ಎಲ್ಲಿಂದ ತರುತ್ತದೆ ಎಂಬುದು ನಮ್ಮೂರಿನ ಮಕ್ಕಳಿಗೆ ತಿಳಿಯುವ ಒಳ್ಳೆಯ ಅವಕಾಶವೊಂದು ಕೈತಪ್ಪಿತು ಎಂದು ನನಗೆ ಇಂದಿಗೂ ಸಂಕಟವಿದೆ.

ಮುಧೋಳದವ

ಅಕ್ಕಾರೇ, ಅಂದಿನ ಸಿಟ್ಟನ್ನು ಕಡಿಮೆ ಮಾಡಿ ಹೇಳಬೇಡಿ. ಕ್ಷಮೆ ಬಂದದ್ದು ಸಿಟ್ಟಿನಿಂದಲೇ ಹೊರತು ವಿವರಣೆಯಿಂದಲ್ಲ.

ಇಳಕಲ್ಲಿನಾಕೆ

ಅಣ್ಣಾ, ಸಿಟ್ಟು ಬೇಡವೆಂದು ನಾನು ಹೇಳಿಲ್ಲ, ಇನ್ನೊಮ್ಮೆ ಓದಿ ನೋಡಿ. ಸಿಟ್ಟಿನ ಹಿಂದೆಯೇ ತಿಳಿವಳಿಕೆಯೂ ಬರಬೇಕಿತ್ತು ಎಂಬುದಷ್ಟೇ ನನ್ನ ಮಾತು.

ಸಿಂದಗಿ ಹುಡುಗ

ಇಷ್ಟು ಹೊತ್ತು ವಾದಿಸಿದ ಮೇಲೆ ನನ್ನ ಕಡೆಯಿಂದ ಒಂದು ಒಳ್ಳೆಯ ಉದಾಹರಣೆಯನ್ನು ಇಡುತ್ತೇನೆ. ನಗೆಯಿಂದಲೇ ಒಳ್ಳೆಯದಾದದ್ದೂ ಉಂಟು. 2024ರ ಆಗಸ್ಟಿನಲ್ಲಿ ಅಮೆರಿಕದ ಡೆಫ್‌ಕಾನ್ ಹ್ಯಾಕರ್ ಸಮ್ಮೇಳನದಲ್ಲಿ ಅತಿ ದೊಡ್ಡ ವೈಫಲ್ಯಕ್ಕೆಂದು ಕೊಡುವ ಪ್ವ್ನಿ ಎಂಬ ಹಾಸ್ಯ ಪ್ರಶಸ್ತಿಯನ್ನು ಕ್ರೌಡ್‌ಸ್ಟ್ರೈಕ್‌ಗೆ ಕೊಟ್ಟರು. ಕಂಪನಿಯ ಅಧ್ಯಕ್ಷ ಮೈಕಲ್ ಸೆಂಟೋನಸ್ ತಾವೇ ವೇದಿಕೆಗೆ ಬಂದು ಅದನ್ನು ಸ್ವೀಕರಿಸಿದರು. ಕೆಲಸಕ್ಕೆ ಬರುವ ಪ್ರತಿಯೊಬ್ಬರ ಕಣ್ಣಿಗೂ ಬೀಳುವಂತೆ ಕಂಪನಿಯ ಕಚೇರಿಯಲ್ಲಿ ಇಡುತ್ತೇನೆ ಎಂದರು. ಅಲ್ಲಿ ನಕ್ಕವರಿಗೂ ಕಾರಣ ಗೊತ್ತಿತ್ತು, ನಗೆಗೆ ಗುರಿಯಾದವರಿಗೂ ಗೊತ್ತಿತ್ತು. ಅಂಥ ನಗೆ ಯಾರನ್ನೂ ದಾರಿ ತಪ್ಪಿಸುವುದಿಲ್ಲ. ನಾನು ಕೇಳುತ್ತಿರುವುದು ಅಂಥ ನಗೆಗೆ ಕನ್ನಡದಲ್ಲೂ ಜಾಗ ಇರಲಿ ಎಂದು.

ನವನಗರ, ಬಾಗಲಕೋಟೆ

ಇದನ್ನು ನೀನು ಮೊದಲೇ ಹೇಳಿದ್ದರೆ ಅರ್ಧ ಜಗಳ ತಪ್ಪುತ್ತಿತ್ತಲ್ಲ, ತಮ್ಮಾ. ಬಹಳ ಚೆನ್ನಾಗಿ ಹೇಳಿದೆ.

ಕೃಷ್ಣಾ ತೀರ, ಜಮಖಂಡಿ

ಮಾತು ಬಂದದ್ದರಿಂದ ಹೇಳುತ್ತೇನೆ, ಆ ನೀಲಿ ಪರದೆಯೇ ಈಗ ಇಲ್ಲವಾಗುತ್ತಿದೆ. ವಿಂಡೋಸ್ 11ರಲ್ಲಿ ಅದರ ಬದಲು ಕಪ್ಪು ಪರದೆ ತರುವುದಾಗಿ ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ತಿಳಿಸಿತು. ಎಲ್ಲರೂ ಬಣ್ಣದ ಮೇಲೆಯೇ ಮೀಮ್ ಮಾಡಿದರು. ಅದೇ ಪ್ರಕಟಣೆಯಲ್ಲಿದ್ದ ದೊಡ್ಡ ಸಂಗತಿ, ಭದ್ರತಾ ತಂತ್ರಾಂಶಗಳನ್ನು ವಿಂಡೋಸ್‌ನ ತಿರುಳಾದ ಕರ್ನೆಲ್‌ನಿಂದ ಹೊರಗಿಟ್ಟು ನಡೆಸುವ ಏರ್ಪಾಡು. ಜುಲೈ 19ರಂದು ಒಂದು ಕಂಪನಿಯ ದೋಷ ಇಡೀ ಯಂತ್ರವನ್ನೇ ಬೀಳಿಸಿದ್ದು ಆ ತಂತ್ರಾಂಶ ಕರ್ನೆಲ್‌ನ ಒಳಗೆ ಕುಳಿತಿದ್ದರಿಂದ. ಅದರ ಬಗ್ಗೆ ಕನ್ನಡದಲ್ಲಿ ಒಂದು ಸಾಲನ್ನೂ ನಾನು ಕಾಣಲಿಲ್ಲ.

ತೊರವಿ ರಸ್ತೆ, ವಿಜಯಪುರ

ಎಲ್ಲರಿಗೂ ಧನ್ಯವಾದಗಳು. ಓದುತ್ತ ಹೋದಂತೆ ಒಂದು ಯೋಚನೆ ಬಂದಿದೆ. ನಮ್ಮ ವಿದ್ಯಾರ್ಥಿಗಳು ಇನ್ನು ಮುಂದೆ ಸೆಮಿನಾರಿಗೆ ಬಳಸುವ ಪ್ರತಿ ಮೀಮ್‌ನ ಕೆಳಗೂ ಅದನ್ನು ಮಾಡಿದವರ ಹೆಸರು ಅಥವಾ ಮೊದಲು ಬಂದ ಜಾಗ, ದಿನಾಂಕ ಮತ್ತು ನಿಜವಾಗಿ ನಡೆದದ್ದರ ಬಗ್ಗೆ ಮೂರು ನಾಲ್ಕು ಸಾಲು ಕನ್ನಡದಲ್ಲಿ ಬರೆಯಬೇಕು. ಬರೆದದ್ದನ್ನು ತಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಚಿತ್ರದ ಜೊತೆಯೇ ಕಳಿಸಬೇಕು. ಆ ಸಾಲುಗಳನ್ನು ಚಿತ್ರದ ಒಳಗೇ ಅಚ್ಚುಮಾಡಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಚಿತ್ರವನ್ನು ಉಳಿಸಿಕೊಂಡು ಹೊಸದಾಗಿ ಕಳಿಸಿದರೆ ಬೇರೆಯಾಗಿ ಬರೆದ ಸಾಲುಗಳೂ ಹೋಗುತ್ತವೆ, ಫಾರ್ವರ್ಡ್ ಎಂಬ ಬಾಣದ ಗುರುತೂ ಹೋಗುತ್ತದೆ.

ಆ ಹೊಸ ನೌಕರನ ಚಿತ್ರದ ಕೆಳಗೆ ಹಾಕಲು ನಾನೇ ಒಂದು ಮಾದರಿ ಬರೆದಿದ್ದೇನೆ, ತಿದ್ದಿಕೊಡಿ:

"ಈ ಚಿತ್ರ ಬೆಲ್ಜಿಯಂನ ವಿಡಂಬನಕಾರರೊಬ್ಬರು 2024ರ ಜುಲೈ 19ರಂದು ನಗಿಸಲು ಮಾಡಿದ್ದು. ಅಂದು ಕಂಪ್ಯೂಟರುಗಳು ನಿಂತದ್ದು ಒಬ್ಬ ನೌಕರನಿಂದಲ್ಲ. ಕ್ರೌಡ್‌ಸ್ಟ್ರೈಕ್ ತನ್ನ ತಂತ್ರಾಂಶದ ಹೊಸ ಆವೃತ್ತಿಯನ್ನು ಪರೀಕ್ಷಿಸದೆ ಕಳಿಸಿತು. ಅದರಲ್ಲಿ ದೋಷವಿದ್ದುದರಿಂದ ವಿಂಡೋಸ್ ನಿಂತುಹೋಯಿತು."

ಉದ್ಯಮಬಾಗ, ಬೆಳಗಾವಿ

ಅಕ್ಕಾ, ಮೊದಲ ಎರಡು ವಾಕ್ಯ ಸರಿಯಾಗಿವೆ, ಕೊನೆಯ ಎರಡನ್ನು ಬದಲಿಸಲೇಬೇಕು. ಅಂದು ಕಳಿಸಿದ್ದು ತಂತ್ರಾಂಶದ ಹೊಸ ಆವೃತ್ತಿಯಲ್ಲ. ಹೊಸ ಬಗೆಯ ದಾಳಿಗಳನ್ನು ಗುರುತಿಸಲು ಆಗಾಗ ಕಳಿಸುವ ನಿಯಮಗಳ ಕಡತ, ಅದಕ್ಕೆ ಚಾನೆಲ್ ಫೈಲ್ 291 ಎಂದು ಹೆಸರು. ಪರೀಕ್ಷೆಯನ್ನೇ ಮಾಡಿರಲಿಲ್ಲ ಎಂಬುದೂ ಸರಿಯಲ್ಲ. ಕಡತವನ್ನು ಪರೀಕ್ಷಿಸುವ ಒಂದು ತಂತ್ರಾಂಶವಿತ್ತು, ಅದರಲ್ಲಿಯೇ ದೋಷವಿದ್ದುದರಿಂದ ಅದು ಈ ಕಡತವನ್ನು ಸರಿಯಾಗಿದೆ ಎಂದು ಒಳಬಿಟ್ಟಿತು. ಕಂಪನಿ ಆಗಸ್ಟ್ 6ರಂದು ಪ್ರಕಟಿಸಿದ ಮೂಲಕಾರಣದ ವರದಿಯಲ್ಲಿ ಇದೆಲ್ಲ ಸ್ಪಷ್ಟವಾಗಿದೆ. ನನ್ನ ತಿದ್ದುಪಡಿ ಹೀಗಿದೆ:

"ಕ್ರೌಡ್‌ಸ್ಟ್ರೈಕ್ ಕಳಿಸಿದ ನಿಯಮಗಳ ಕಡತ 21ನೆಯ ಮಾಹಿತಿಯನ್ನು ಓದಲು ಹೇಳುತ್ತಿತ್ತು, ಯಂತ್ರದಲ್ಲಿದ್ದ ತಂತ್ರಾಂಶಕ್ಕೆ ಸಿಗುತ್ತಿದ್ದದ್ದು 20 ಮಾತ್ರ. ಇಲ್ಲದ್ದನ್ನು ಓದಲು ಹೋಗಿ ಕರ್ನೆಲ್‌ನೊಳಗೆ ತಪ್ಪು ಜಾಗದ ಸ್ಮೃತಿಯನ್ನು ಮುಟ್ಟಿದ್ದರಿಂದ ವಿಂಡೋಸ್ ನಿಂತುಹೋಯಿತು. ಕಳಿಸುವ ಮೊದಲು ನಡೆದ ಪರೀಕ್ಷೆಯಲ್ಲಿ ಈ ದೋಷ ಸಿಕ್ಕಿಬೀಳಲಿಲ್ಲ, ಮತ್ತು ಕಡತವನ್ನು ಹಂತಹಂತವಾಗಿ ಕಳಿಸದೆ ಎಲ್ಲ ಯಂತ್ರಗಳಿಗೂ ಒಮ್ಮೆಲೇ ಕಳಿಸಿದರು."

ಗುಳೇದಗುಡ್ಡ ಖಣ

ಸರ್, "ಸ್ಮೃತಿ" ಎಂದರೆ ನಮ್ಮ ಕಡೆಯವರಿಗೆ ತಿಳಿಯುವುದಿಲ್ಲ, "ಮೆಮೊರಿ" ಎಂದೇ ಬರೆಯಿರಿ. ಉಳಿದದ್ದು ನನಗೂ ತಿಳಿಯಿತು.

ಉದ್ಯಮಬಾಗ, ಬೆಳಗಾವಿ

ಆಯಿತು, ಮೆಮೊರಿ ಎಂದೇ ಇರಲಿ.

ಸಿಂದಗಿ ಹುಡುಗ

ಈ ಸಾಲುಗಳನ್ನು ಚಿತ್ರದೊಳಗೆ ಕೂಡಿಸುವ ಕೆಲಸ ನನಗೆ ಬಿಡಿ, ಮೇಡಂ. ಸೌತ್‌ವೆಸ್ಟ್‌ನ ಚಿತ್ರಕ್ಕೂ ಯಾರಾದರೂ ಹೀಗೆಯೇ ನಾಲ್ಕು ಸಾಲು ಬರೆದುಕೊಡಿ, ಎರಡನ್ನೂ ಒಟ್ಟಿಗೆ ಕಳಿಸುತ್ತೇನೆ.

ಜ್ಞಾನಸಂಗಮ, ಬೆಳಗಾವಿ

ಬರೆದುಕೋ ತಮ್ಮಾ: "ಸೌತ್‌ವೆಸ್ಟ್ ವಿಮಾನಗಳು ಅಂದು ನಿಲ್ಲಲಿಲ್ಲ, ಏಕೆಂದರೆ ಆ ಕಂಪನಿ ಕ್ರೌಡ್‌ಸ್ಟ್ರೈಕ್ ಬಳಸುತ್ತಿರಲಿಲ್ಲ. ವಿಂಡೋಸ್ 3.1 ಬಳಸುತ್ತದೆ ಎಂಬುದು ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಒಬ್ಬರು ತಮಾಷೆಗೆ ಬರೆದ ಮಾತು, ಅದನ್ನು ಕೆಲವು ಸುದ್ದಿತಾಣಗಳು ನಿಜವೆಂದು ಪ್ರಕಟಿಸಿದವು. 2022ರ ಡಿಸೆಂಬರಿನಲ್ಲಿ ಇದೇ ಕಂಪನಿಯ ಸಿಬ್ಬಂದಿ ನಿಯೋಜನೆಯ ವ್ಯವಸ್ಥೆ ಕುಸಿದು ಸುಮಾರು 16,900 ವಿಮಾನಯಾನಗಳು ರದ್ದಾಗಿದ್ದವು, ಅದಕ್ಕೂ ಕ್ರೌಡ್‌ಸ್ಟ್ರೈಕ್‌ಗೂ ಸಂಬಂಧವಿಲ್ಲ."